ಕಟ್ಟಿದ ಮನೆಗೆ ಯಜಮಾನರು ಯಾರು?

2013ರ ಜನವರಿಯ ಮೂರನೆಯ ವಾರದಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಪೊಲೀಸರ ಬೆಂಬಲದೊಡನೆ ಈಜಿಪುರದಲ್ಲಿದ್ದ ತಗಡಿನ ಶೆಡ್ಡುಗಳನ್ನು ನೆಲಸಮ ಮಾಡಿತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಅವುಗಳಲ್ಲಿ ಕೆಲವು ಅದೇ ಜಾಗದ ಪಕ್ಕದ ಕಾಲುದಾರಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ವರ್ಷಗಟ್ಟಲೆ ಕಾಲ ತಳ್ಳಿದವು. ಒತ್ತುವರಿ ತೆರವು ನಡೆಯಿತೆಂದು ಆಗ ಹಲವರು ಭಾವಿಸಿದರು. ಆದರೆ ಅದು ಒತ್ತುವರಿಯಾಗಿರಲಿಲ್ಲ. ಆ ಶೆಡ್ಡುಗಳು ನಿಂತಿದ್ದುದು ಪಾಲಿಕೆಯೇ ಬಡವರಿಗಾಗಿ ಕಟ್ಟಿಸಿ, ಹಂಚಿ, ಕೊನೆಗೆ ಉಳಿಸಿಕೊಳ್ಳಲಾರದೆ ಹೋದ ಮನೆಗಳ ಜಾಗದಲ್ಲಿ.

ಬಿಟಿಎಂ ಬಡಾವಣೆಯಿಂದ ಹೊಸೂರು ರಸ್ತೆ ದಾಟಿ, ಕೋರಮಂಗಲದ ಅಂಚಿಗೆ ಬಂದರೆ ಸಿಗುವ ಈ ಸುಮಾರು 15 ಎಕರೆ ಭೂಮಿಯಲ್ಲಿ 1990ರ ದಶಕದ ಆರಂಭದಲ್ಲಿ ಅಂದಿನ ಬೆಂಗಳೂರು ಮಹಾನಗರ ಪಾಲಿಕೆ ಆರ್ಥಿಕವಾಗಿ ದುರ್ಬಲರಾದವರಿಗಾಗಿ 42 ಬ್ಲಾಕುಗಳಲ್ಲಿ 1,512 ಮನೆಗಳನ್ನು ನಿರ್ಮಿಸಿತ್ತು. ಸುತ್ತಲಿನ ಜನರ ಬಾಯಲ್ಲಿ ಅದು ಇಡಬ್ಲ್ಯೂಎಸ್ ಕ್ವಾರ್ಟರ್ಸ್. ಒಂದೂವರೆ ದಶಕ ತುಂಬುವುದರೊಳಗೆ ಬ್ಲಾಕುಗಳು ಕುಸಿಯತೊಡಗಿದವು. 2007ರ ಹೊತ್ತಿಗೆ ಉಳಿದ ಕಟ್ಟಡಗಳೂ ವಾಸಯೋಗ್ಯವಲ್ಲವೆಂಬ ತೀರ್ಮಾನಕ್ಕೆ ಪಾಲಿಕೆ ಬಂದು ನಿವಾಸಿಗಳನ್ನು ತಗಡಿನ ಶೆಡ್ಡುಗಳಿಗೆ ಸ್ಥಳಾಂತರಿಸಿತು. ಮುಂದೆ ಖಾಸಗಿ ಸಂಸ್ಥೆಯೊಂದಿಗೆ ಒಪ್ಪಂದವಾಯಿತು. ಭೂಮಿಯ ಒಂದು ಭಾಗದಲ್ಲಿ ಬಡವರಿಗೆ ಮನೆ, ಮತ್ತೊಂದು ಭಾಗದಲ್ಲಿ ವಾಣಿಜ್ಯ ಸಂಕೀರ್ಣ ಎಂಬುದು ಅದರ ಸಾರ. ಶೆಡ್ಡುಗಳು ಹೋದದ್ದು ಆ ಒಪ್ಪಂದದ ದಾರಿ ಸುಗಮಗೊಳಿಸಲು.

ಖಾಸಗಿ ಸಹಭಾಗಿತ್ವದ ಸರಿತಪ್ಪುಗಳ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆದರೆ ಅದಕ್ಕೂ ಹಿಂದಿನ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಕಾಂಕ್ರೀಟ್ ಕಟ್ಟಡವೊಂದು ಹದಿನೈದು ವರ್ಷಕ್ಕೇ ಕುಸಿಯುವುದೇಕೆ? ಜಯನಗರದಲ್ಲಿ 1960ರ ದಶಕದ ಮನೆಗಳು, ಅವುಗಳಲ್ಲಿ ಹಲವು ಸಾಮಾನ್ಯ ಗುಮಾಸ್ತರು ಸಾಲ ಮಾಡಿ ಕಟ್ಟಿದವು, ಇಂದಿಗೂ ನೆಟ್ಟಗೆ ನಿಂತಿವೆ. ಅವು ಬೀಳುತ್ತಿರುವುದು ಬಿರುಕಿನಿಂದಲ್ಲ, ಬಿಲ್ಡರುಗಳ ಆಸೆಯಿಂದ. ಈಜಿಪುರದ ಕಾಮಗಾರಿ ಕಳಪೆಯಾಗಿತ್ತೆಂಬ ಉತ್ತರ ಸುಲಭವಾಗಿ ಸಿಗುತ್ತದೆ, ಅದರಲ್ಲಿ ಸತ್ಯವೂ ಇದ್ದೀತು. ಆದರೆ ನನ್ನ ದೃಷ್ಟಿಯಲ್ಲಿ ಅದು ಅರ್ಧ ಉತ್ತರ. ಉಳಿದರ್ಧ ಆಯವ್ಯಯದ ಪುಟಗಳಲ್ಲಿದೆ.

ಸರ್ಕಾರದ ಲೆಕ್ಕದಲ್ಲಿ ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚವೆಂಬ ಎರಡು ಬಗೆಗಳಿವೆ. ಮನೆ ಕಟ್ಟುವುದು ಮೊದಲನೆಯದು. ಅದಕ್ಕೆ ಕೇಂದ್ರದ ಅನುದಾನವಿದೆ, ರಾಜ್ಯದ ಪಾಲಿದೆ, ಸಾಲ ಕೊಡುವ ಸಂಸ್ಥೆಗಳಿವೆ. ಶಂಕುಸ್ಥಾಪನೆಗೆ ಒಬ್ಬ ಸಚಿವರು, ಉದ್ಘಾಟನೆಗೆ ಇನ್ನೊಬ್ಬರು. ಮೆಟ್ಟಿಲಿನ ದೀಪ, ಸಂಪಿನ ಮೋಟಾರು, ಒಳಚರಂಡಿಯ ಕೊಳವೆ, ಚಾವಣಿಯ ಸೋರಿಕೆ ಇವೆಲ್ಲ ಎರಡನೆಯದು. ಇವುಗಳಿಗೆ ಅನುದಾನವಿಲ್ಲ, ಫಲಕವಿಲ್ಲ. 2001ರ ವಾಲ್ಮೀಕಿ ಅಂಬೇಡ್ಕರ್ ಆವಾಸ್ ಯೋಜನೆ, 2005ರ ನರ್ಮ್ ಯೋಜನೆ, ಅನಂತರದ ರಾಜೀವ್ ಆವಾಸ್, 2015ರಿಂದ ಪ್ರಧಾನಮಂತ್ರಿ ಆವಾಸ್ ಹೀಗೆ ಹೆಸರುಗಳು ಬದಲಾದವು. ನಿರ್ವಹಣೆ ಮಾತ್ರ ಎಲ್ಲದರಲ್ಲೂ ಫಲಾನುಭವಿಗಳ ಸಂಘವೆಂಬ ಕಾಗದದ ಮೇಲಿನ ಸಂಸ್ಥೆಯ ಹೆಗಲಿಗೇ ಬಿತ್ತು. ‘ಮನೆ ಕಟ್ಟಿ ನೋಡು’ ಎಂದ ಹಿರಿಯರು ಕಟ್ಟಿದ್ದನ್ನು ನೋಡಿಕೊಳ್ಳುವ ಬಗ್ಗೆ ಪ್ರತ್ಯೇಕವಾಗಿ ಏನೂ ಹೇಳಲಿಲ್ಲ. ಕಟ್ಟಿದವನೇ ನೋಡಿಕೊಳ್ಳುತ್ತಾನೆಂದು ಅವರು ನಂಬಿದ್ದರು.

ದಕ್ಷಿಣ ಬೆಂಗಳೂರಿನಲ್ಲಿ ಕಟ್ಟಿದವರು ಯಾರು, ನೋಡಿಕೊಳ್ಳಬೇಕಾದವರು ಯಾರು ಎಂಬುದೇ ತೊಡಕಿನ ಸಂಗತಿ. ಇದಕ್ಕೊಂದು ಇತಿಹಾಸವಿದೆ. 1898ರ ಪ್ಲೇಗಿನ ತರುವಾಯ ಬಸವನಗುಡಿ ಬಡಾವಣೆ ರೂಪುಗೊಂಡಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಗಿ 1948ರಲ್ಲಿ ಜಯನಗರಕ್ಕೆ ಅಡಿಪಾಯ ಬಿತ್ತು. 1976ರಲ್ಲಿ ಆ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು, ಬನಶಂಕರಿ, ಜೆ.ಪಿ. ನಗರಗಳು ಹಂತಹಂತವಾಗಿ ಬೆಳೆದವು. ಈ ಸಂಸ್ಥೆಗಳು ಮುಖ್ಯವಾಗಿ ನಿವೇಶನ ಹಂಚಿದವು. ಬಡವರಿಗೆಂದು 20x30 ಅಡಿಯ ನಿವೇಶನಗಳಿದ್ದವು ನಿಜ. ಆದರೆ ನಿವೇಶನಕ್ಕೆ ಅರ್ಜಿ ಹಾಕಲು ಆರಂಭಿಕ ಠೇವಣಿ ಬೇಕು, ವರ್ಷಗಟ್ಟಲೆ ಕಾಯುವ ತಾಳ್ಮೆ ಬೇಕು, ಆಮೇಲೆ ಕಟ್ಟಲು ದುಡ್ಡು ಬೇಕು. ಈ ಬಡಾವಣೆಗಳನ್ನು ಕಟ್ಟಲು ಬಂದ ಗಾರೆಯವರು, ಕಲ್ಲು ಒಡೆಯುವವರು, ಬಳಿಕ ಅಲ್ಲಿನ ಮನೆಗೆಲಸಕ್ಕೆ ನಿಂತ ಹೆಣ್ಣುಮಕ್ಕಳು ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಬಡಾವಣೆಯ ನಕ್ಷೆಯಲ್ಲಿ ಬಿಟ್ಟುಹೋದ ಬಂಡೆ, ಕೆರೆಯಂಗಳ, ರಾಜಕಾಲುವೆಯ ದಂಡೆಗಳೇ ಅವರ ಪಾಲಿಗೆ ಬಂದವು.

ಅವರಿಗಾಗಿ 1973ರ ಕಾಯ್ದೆಯನ್ವಯ ಕೊಳಚೆ ನಿರ್ಮೂಲನ ಮಂಡಳಿ ಹುಟ್ಟಿಕೊಂಡಿತು. ಇಂದು ಅದು ಕೊಳಗೇರಿ ಅಭಿವೃದ್ಧಿ ಮಂಡಳಿ. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಬಂದಿತು. ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರಾದರು. ಸಂವಿಧಾನದ 74ನೆಯ ತಿದ್ದುಪಡಿಯು 12ನೆಯ ಅನುಸೂಚಿಯಲ್ಲಿ ಕೊಳಗೇರಿಗಳ ಸುಧಾರಣೆ ಮತ್ತು ನಗರ ಬಡತನ ನಿವಾರಣೆಯನ್ನು ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಸಾಲಿಗೆ ಸೇರಿಸಿ ಮೂರು ದಶಕಗಳು ಕಳೆದಿವೆ. ಆದರೂ ಭೂಮಿ ಒಬ್ಬರ ಕೈಯಲ್ಲಿ, ಹಣ ಮತ್ತೊಬ್ಬರಲ್ಲಿ, ಆಯ್ಕೆ ಮೂರನೆಯವರಲ್ಲಿ. ಕಸ ಎತ್ತುವುದು ಮಾತ್ರ ಪಾಲಿಕೆಗೆ.

ರಾಗಿಗುಡ್ಡವನ್ನು ನೋಡಿ. ಜೆ.ಪಿ. ನಗರದ ಅಂಚಿನ ಆ ಕೊಳಗೇರಿಯನ್ನು ನರ್ಮ್ ಯೋಜನೆಯಡಿ ಮಂಡಳಿಯು ಇದ್ದಲ್ಲಿಯೇ ಬಹುಮಹಡಿ ವಸತಿಯಾಗಿ ಪರಿವರ್ತಿಸಲು ಹೊರಟಿತು. ಇದ್ದಲ್ಲಿಯೇ ಎಂಬುದಕ್ಕೆ ಬಹಳ ಬೆಲೆಯಿದೆ. ಸುತ್ತಣ ಬಡಾವಣೆಗಳ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಮಧ್ಯಾಹ್ನ ಮಕ್ಕಳಿಗೆ ಅನ್ನ ಬಡಿಸಲು ಹಿಂದಿರುಗುವ ಹೆಂಗಸಿಗೆ ನಗರದಾಚೆಯ ಮನೆ, ಎಷ್ಟೇ ಚೆನ್ನಾಗಿರಲಿ, ಸಂಬಳ ಕಳೆದುಕೊಳ್ಳುವ ಮನೆ. ಈಜಿಪುರದವರಿಗೆ ಸರ್ಜಾಪುರ ರಸ್ತೆಯ ಸೂಲಿಕುಂಟೆಯನ್ನು ತೋರಿಸಿದಾಗ ಹಲವರು ಕಾಲುದಾರಿಯೇ ಮೇಲೆಂದುದು ಹಟದಿಂದಲ್ಲ, ಲೆಕ್ಕಾಚಾರದಿಂದ.

ಆದರೆ ಗುಡಿಸಲಿನಿಂದ ಬಹುಮಹಡಿಗೆ ಹೋದೊಡನೆ ಖರ್ಚಿನ ಸ್ವರೂಪವೇ ಬದಲಾಗುತ್ತದೆ. ನೆಲದ ಮನೆಯ ಹೆಂಚು ಒಡೆದರೆ ಮನೆಯವನೇ ಸರಿಪಡಿಸಿಕೊಳ್ಳುತ್ತಾನೆ. ಮೂರನೆಯ ಮಹಡಿಗೆ ನೀರು ಏರಬೇಕಾದರೆ ಮೋಟಾರು ಬೇಕು, ಮೋಟಾರಿಗೆ ವಿದ್ಯುತ್ ಬೇಕು, ಬೆಸ್ಕಾಂ ಬಿಲ್ಲನ್ನು ಎಲ್ಲರೂ ಸೇರಿ ಕಟ್ಟಬೇಕು. ಹತ್ತು ಮನೆಯವರು ಕಟ್ಟಿ ಇಬ್ಬರು ಕಟ್ಟದಿದ್ದರೆ ಮುಂದಿನ ತಿಂಗಳು ಯಾರೂ ಕಟ್ಟುವುದಿಲ್ಲ. ಸಾರ್ವಜನಿಕ ಸರಕಿನ ಸಮಸ್ಯೆಯೆಂದು ಅರ್ಥಶಾಸ್ತ್ರದ ಪಠ್ಯಗಳು ವಿವರಿಸುವುದು ಇದನ್ನೇ. ನಮ್ಮ ಅಪಾರ್ಟ್‌ಮೆಂಟುಗಳ ವಾರ್ಷಿಕ ಸಭೆಗಳಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮಗಾದರೆ ಬೈಲಾ ಇದೆ, ಲೆಕ್ಕಪರಿಶೋಧಕರಿದ್ದಾರೆ, ಬಾಕಿದಾರರ ಹೆಸರನ್ನು ಫಲಕದಲ್ಲಿ ಬರೆಯುವ ಉತ್ಸಾಹಿ ಕಾರ್ಯದರ್ಶಿಯಿದ್ದಾನೆ. ಇಷ್ಟಿದ್ದೂ ಜಗಳ ತಪ್ಪದಿರುವಾಗ, ದಿನಗೂಲಿಯವರ ಸಂಘ ತಾನಾಗಿಯೇ ನಡೆದೀತೆಂಬ ನಿರೀಕ್ಷೆ ಯಾವ ನ್ಯಾಯ?

ಒಂದು ಸರಳ ಲೆಕ್ಕ ಮಾಡೋಣ. ಮನೆಯೊಂದರ ನಿರ್ಮಾಣಕ್ಕೆ 8 ಲಕ್ಷ ರೂಪಾಯಿ ತಗುಲಿತೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಅದರ ಶೇ 1ರಷ್ಟನ್ನು ದುರಸ್ತಿಗೆಂದು ಎತ್ತಿಟ್ಟರೆ 8,000 ರೂಪಾಯಿ, ತಿಂಗಳಿಗೆ ಸುಮಾರು 670. ಇದರ ಮೇಲೆ ದೀಪ, ನೀರು, ಶುಚಿತ್ವ. ಬಡ ಕುಟುಂಬಕ್ಕೆ ಇದು ಪೂರ್ತಿಯಾಗಿ ಹೊರಲಾಗದ ಭಾರ. ಪಾಲಿಕೆ ಅರ್ಧ ಹೊತ್ತರೂ ಸಾಧ್ಯವಾದೀತು. ಪ್ರತಿ ಮನೆಗೆ ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿ ಉಳಿಸಲು ಹೋಗಿ ಹದಿನೈದು ವರ್ಷಗಳ ಬಳಿಕ ಇಡೀ ಮನೆಯನ್ನೇ ಕಳೆದುಕೊಳ್ಳುವುದು ಯಾವ ಮಿತವ್ಯಯವೋ ತಿಳಿಯದು.

ಬೇರೆಡೆ ಈ ಲೆಕ್ಕವನ್ನು ಮೊದಲೇ ಮಾಡಿದ್ದಾರೆ. ಮುಂಬಯಿಯ ಕೊಳಗೇರಿ ಪುನರ್ವಸತಿ ಯೋಜನೆಗೆ ನೂರು ದೋಷಗಳಿವೆ. ಆದರೂ ಪ್ರತಿ ಮನೆಗೆ 20,000 ರೂಪಾಯಿಯಂತೆ ಬಿಲ್ಡರ್ ನಿರ್ವಹಣಾ ಠೇವಣಿ ಇಡಬೇಕೆಂಬ ನಿಯಮ ಆರಂಭದಲ್ಲೇ ಇತ್ತು. ಸಿಂಗಪುರದಲ್ಲಿ ಕಟ್ಟುವುದು 1960ರಲ್ಲಿ ಸ್ಥಾಪನೆಯಾದ ವಸತಿ ಮಂಡಳಿ, ನೋಡಿಕೊಳ್ಳುವುದು ಪಟ್ಟಣ ಪರಿಷತ್ತುಗಳು. ತಿಂಗಳ ಶುಲ್ಕದ ನಿಗದಿತ ಭಾಗವನ್ನು ಬಣ್ಣ, ಲಿಫ್ಟ್, ಚಾವಣಿಗಳ ಭವಿಷ್ಯದ ವೆಚ್ಚಕ್ಕೆಂದು ಪ್ರತ್ಯೇಕ ನಿಧಿಯಲ್ಲಿಡುವುದು ಅಲ್ಲಿ ಕಡ್ಡಾಯ. ವಿಯೆನ್ನಾ ನಗರಾಡಳಿತವಂತೂ ಎರಡು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ತಾನೇ ಯಜಮಾನ. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್‌ನಲ್ಲಿ ಇಂದಿಗೂ ಬಾಡಿಗೆದಾರರಿದ್ದಾರೆ. ಅಲ್ಲಿನ ಸಂಪತ್ತು ನಮ್ಮಲ್ಲಿಲ್ಲವೆಂಬುದು ಒಪ್ಪತಕ್ಕದ್ದೇ. ಆದರೆ ಎಷ್ಟು ಮನೆಗಳಿವೆಯೆಂದು ಎಣಿಸಿಡಲು ಸಂಪತ್ತು ಬೇಕಿಲ್ಲ.

ನಮ್ಮ ಪಾಲಿಕೆ ಕೈಕಟ್ಟಿ ಕುಳಿತಿತ್ತೆನ್ನುವುದು ತಪ್ಪಾದೀತು. ತನ್ನ ಸಂಪನ್ಮೂಲದಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25 ಮೀಸಲಿಡುವ ಹೊಣೆ ನಗರ ಸ್ಥಳೀಯ ಸಂಸ್ಥೆಗಳ ಮೇಲಿದೆ. ಈ ಹಣದಿಂದ ನಡೆದ ‘ಒಂಟಿ ಮನೆ’ ಯೋಜನೆ ಉಪಯುಕ್ತವೇ. ಸ್ವಂತ ನಿವೇಶನವಿರುವವರಿಗೆ ಮನೆ ಕಟ್ಟಿಕೊಳ್ಳಲು ಸಹಾಯಧನ. ಕಟ್ಟಿದವನೇ ಯಜಮಾನನಾದ್ದರಿಂದ ನಿರ್ವಹಣೆಯ ತಂಟೆಯಿಲ್ಲ. ಆದರೆ ಜಯನಗರದ ಆಸುಪಾಸಿನಲ್ಲಿ ಸ್ವಂತ ನಿವೇಶನವಿರುವ ಬಡವ ಎಷ್ಟರ ಮಟ್ಟಿಗೆ ಬಡವ? ತಿಂಗಳ ಬಾಡಿಗೆಯಲ್ಲಿ ಒಂದೇ ಕೋಣೆಯಲ್ಲಿ ಐದು ಜನ ಬದುಕುವ ಕುಟುಂಬಕ್ಕೆ ಆ ಯೋಜನೆಯಲ್ಲಿ ಪ್ರವೇಶವೇ ಇಲ್ಲ. ಪೌರಕಾರ್ಮಿಕರ ಗೃಹಭಾಗ್ಯಕ್ಕೂ ಇಂಥದೇ ಮಿತಿ. ಗುತ್ತಿಗೆಯ ಕಾಲದಲ್ಲಿ ಬೀದಿ ಗುಡಿಸಿಯೇ ಆಯಸ್ಸು ಕಳೆದವರನ್ನು ಅದು ತಲುಪಲಿಲ್ಲ. ಪಾಲಿಕೆಯೇ ಮಾಲೀಕತ್ವ ಉಳಿಸಿಕೊಂಡು ಕಡಿಮೆ ಬಾಡಿಗೆಗೆ ಕೊಡುವ ಮನೆಗಳ ವಿಚಾರ ನಮ್ಮಲ್ಲಿ ಬೇರೂರಲಿಲ್ಲ. ಹಕ್ಕುಪತ್ರ ಹಂಚಿದರೆ ಮತ ಬರುತ್ತದೆ, ಬಾಡಿಗೆ ವಸೂಲಿಗೆ ಹೋದರೆ ಬರುವುದಿಲ್ಲವೆಂಬುದು ರಾಜಕಾರಣದ ಸರಳ ಸತ್ಯ.

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ನಗರ ಚುನಾಯಿತ ಪರಿಷತ್ತಿಲ್ಲದೆ ಐದು ವರ್ಷ ಪೂರೈಸಲು ಆಗ ಬಾಕಿಯಿದ್ದುದು ಸುಮಾರು ಒಂದು ವಾರ. ಅದಕ್ಕೆ ಮೂರು ವಾರ ಮೊದಲು ಹಳದಿ ಮೆಟ್ರೋ ಮಾರ್ಗ ಆರಂಭವಾಗಿ ರಾಗಿಗುಡ್ಡದ ಹೆಸರಿನಲ್ಲೇ ನಿಲ್ದಾಣವೊಂದು ತೆರೆಯಿತು. ಮೆಟ್ರೋ ಬಂದಲ್ಲಿ ನೆಲದ ಬೆಲೆ ಏರುತ್ತದೆ, ಬೆಲೆ ಏರಿದಲ್ಲಿ ಬಾಡಿಗೆ ಏರುತ್ತದೆ, ಮೊದಲು ಜಾಗ ಖಾಲಿ ಮಾಡುವವನು ಬಡ ಬಾಡಿಗೆದಾರ. ಮೆಟ್ರೋ ಮಾರ್ಗದ ಇಕ್ಕೆಲಗಳಲ್ಲಿ ಹೆಚ್ಚುವರಿ ಮಹಡಿಗಳ ಅನುಮತಿಗೆ ವಸೂಲಾಗುವ ಶುಲ್ಕದಲ್ಲಿ ಒಂದು ಪಾಲನ್ನು ಅದೇ ಪ್ರದೇಶದ ಬಡವರ ವಸತಿಯ ನಿರ್ವಹಣಾ ನಿಧಿಗೆ ಕಾನೂನಿನ ಮೂಲಕ ಕಟ್ಟಿಹಾಕಿದರೆ ತೆರಿಗೆದಾರನಿಗೆ ಹೊಸ ಹೊರೆಯಿಲ್ಲ. ಮಂಡಳಿ ಕಟ್ಟಿದ ಕಟ್ಟಡಗಳು ಪಾಲಿಕೆಗೆ ಹಸ್ತಾಂತರವಾಗುವಾಗ ಹಣವೂ ಜೊತೆಗೆ ಬರಬೇಕು. ಬರಿಗೈಯಲ್ಲಿ ಬಂದ ಕಟ್ಟಡವನ್ನು ಯಾವ ಆಯುಕ್ತರೂ ಸಂತೋಷದಿಂದ ಸ್ವೀಕರಿಸಲಾರರು.

ಅದಕ್ಕೂ ಮೊದಲು ಒಂದು ದಫ್ತರ ಬೇಕು. ದಕ್ಷಿಣ ನಗರಪಾಲಿಕೆಯ ಎಲ್ಲೆಯೊಳಗೆ ಸಾರ್ವಜನಿಕ ಹಣದಿಂದ ನಿರ್ಮಾಣವಾದ ಪ್ರತಿ ವಸತಿ ಬ್ಲಾಕಿನ ಹೆಸರು, ಕಟ್ಟಿದ ಸಂಸ್ಥೆ, ವರ್ಷ, ಭೂಮಿಯ ಒಡೆತನ, ಹಂಚಿಕೆದಾರರೆಷ್ಟು, ವಾಸವಿರುವವರೆಷ್ಟು, ಎಂಜಿನಿಯರು ಕೊನೆಯ ಬಾರಿ ಕಂಬ-ತೊಲೆಗಳನ್ನು ಪರೀಕ್ಷಿಸಿದ ದಿನಾಂಕ. ಸಿಂಗಪುರದಲ್ಲಿ ವಸತಿ ಕಟ್ಟಡಗಳಿಗೆ ಇಂಥ ತಪಾಸಣೆ ಹತ್ತು ವರ್ಷಕ್ಕೊಮ್ಮೆ ಕಾನೂನಿನಂತೆ ನಡೆಯುತ್ತದೆ. ನಮ್ಮ ಕಾಮಗಾರಿಯ ಗುಣಮಟ್ಟ ಬಲ್ಲವರು ಐದು ವರ್ಷಕ್ಕೊಮ್ಮೆ ಎಂದಾರು. ದಫ್ತರದ ಮೊದಲ ಪುಟದಲ್ಲಿ, ನರ್ಮ್ ಕಾಲದ ಕಟ್ಟಡಗಳು ಬರಲಿ. ಈಜಿಪುರದ ಬ್ಲಾಕುಗಳು ಕುಸಿದಾಗ ಅವುಗಳಿಗಿದ್ದ ವಯಸ್ಸು ಈಗ ಇವುಗಳಿಗೆ ಬರುತ್ತಿದೆ.