ಲೆಕ್ಕ ಮಾಡುವ ಮಸೂರ

ಅಚ್ಚಾದ ಒಂದು ಪುಟದಲ್ಲಿ 'ಪ' ಎಂಬ ಅಕ್ಷರ ಎಲ್ಲೆಲ್ಲಿದೆಯೆಂದು ಹುಡುಕಬೇಕಾಗಿದೆಯೆನ್ನಿ. ಗಣಕಯಂತ್ರವಾದರೋ ಪುಟವನ್ನು ಲಕ್ಷಾಂತರ ಚುಕ್ಕೆಗಳಾಗಿ ಒಡೆದು, ಒಂದೊಂದನ್ನೂ ಅಂಕಿಯಾಗಿಸಿ, ಗುಣಿಸಿ, ಕೂಡಿಸಿ ಉತ್ತರ ಹೇಳುತ್ತದೆ. ಅಂಕಿಗಳ ಗೊಡವೆಯೇ ಇಲ್ಲದೆ ಎರಡು ಮಸೂರಗಳೂ ಒಂದು ಲೇಸರ್ ಕಿರಣವೂ ಇದೇ ಕೆಲಸವನ್ನು ಮಾಡಬಲ್ಲವೆಂದರೆ ವಾಚಕರು ನಂಬುವರೆ?

ಇದರ ಗುಟ್ಟು ಜರ್ಮನಿಯ ಯೆನಾ ನಗರದಲ್ಲಿ ಸೂಕ್ಷ್ಮದರ್ಶಕಗಳನ್ನು ಕುರಿತು ಚಿಂತಿಸುತ್ತಿದ್ದ ಅರ್ನ್ಸ್ಟ್ ಆಬೆಗೆ 1873ರಷ್ಟು ಹಿಂದೆಯೇ ಹೊಳೆದಿತ್ತು. ವಸ್ತುವಿನಿಂದ ಹೊರಟ ಬೆಳಕು ಬಿಂಬವಾಗುವ ಮುನ್ನ, ಮಸೂರದ ಸಂಗಮತಲದಲ್ಲಿ, ವಿವರ್ತನೆಯ ಚುಕ್ಕೆಗಳಾಗಿ ಬೇರೆಬೇರೆ ನಿಲ್ಲುತ್ತದೆ. ಚಿತ್ರದ ಸಮತಟ್ಟಾದ ಭಾಗಗಳ ಬೆಳಕು ನಡುವಣ ಚುಕ್ಕೆಗೆ. ನವುರಾದ ಗೆರೆಗಳ, ಚೂಪಾದ ಅಂಚುಗಳ ಬೆಳಕು ದೂರದ ಚುಕ್ಕೆಗಳಿಗೆ. ಗಣಿತಜ್ಞರ ಫೂರಿಯೆ ಪರಿವರ್ತನೆ ಎಂಬುದು ಇದೇ. ವಿದ್ಯಾರ್ಥಿಗಳ ಬೆವರಿಳಿಸುವ ಆ ಅನುಕಲನವನ್ನು ಗಾಜಿನ ತುಂಡೊಂದು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ!

1906ರಲ್ಲಿ ಪೋರ್ಟರ್ ಎಂಬವರು ತಂತಿಬಲೆಯೊಂದರಿಂದ ಇದನ್ನು ಕಣ್ಣಿಗೆ ಕಾಣಿಸಿದರು. ಸಂಗಮತಲದಲ್ಲಿ ಸೀಳುಗಂಡಿಯನ್ನಿಟ್ಟು ನಡುವಣ ಅಡ್ಡಸಾಲಿನ ಚುಕ್ಕೆಗಳಿಗೆ ಮಾತ್ರ ದಾರಿಗೊಟ್ಟರೆ ಬಿಂಬದಲ್ಲಿ ಅಡ್ಡತಂತಿಗಳು ಮಾಯವಾಗಿ ನಿಂತ ತಂತಿಗಳಷ್ಟೇ ಉಳಿಯುತ್ತವೆ. ಬಲೆಯ ಬದಲು ಛಾಯಾಚಿತ್ರದ ಫಿಲ್ಮನ್ನಿಟ್ಟು ನಡುವಣ ಚುಕ್ಕೆಯನ್ನು ಮಸಿಬೊಟ್ಟಿನಿಂದ ಮುಚ್ಚಿದರೆ ಸಮತಟ್ಟಾದ ಭಾಗಗಳು ಕಪ್ಪಾಗಿ ಅಂಚುಗಳು ಮಾತ್ರ ಹೊಳೆಯುತ್ತವೆ.

ಅಕ್ಷರವನ್ನು ಗುರುತಿಸುವುದು ಇದಕ್ಕಿಂತ ಕಠಿಣ. ಚುಕ್ಕೆಗಳ ಪ್ರಕಾಶವಲ್ಲದೆ ಅಲೆಗಳ ಹಂತವನ್ನೂ ಸೋಸುಫಲಕ ನೆನಪಿಡಬೇಕು. ಫಿಲ್ಮಿಗೋ ಪ್ರಕಾಶವೊಂದೇ ಗೊತ್ತು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ವ್ಯಾಂಡರ್ ಲಗ್ಟ್ ಇದಕ್ಕೆ ಉಪಾಯ ಕಂಡು 1964ರಲ್ಲಿ ಪ್ರಕಟಿಸಿದರು. ಅಕ್ಷರದ ಪರಿವರ್ತನೆಯ ಮೇಲೆ ಓರೆಯಾಗಿ ಇನ್ನೊಂದು ಕಿರಣವನ್ನು ಬೀಳಿಸಿ, ಎರಡೂ ಸೇರಿ ಮೂಡಿದ ಪಟ್ಟೆಗಳನ್ನು ಅವರು ಫಿಲ್ಮಿನಲ್ಲಿ ಹಿಡಿದರು. ಪುಟದ ಬೆಳಕು ಈ ಫಲಕವನ್ನೂ ಎರಡನೆಯ ಮಸೂರವನ್ನೂ ದಾಟಿದಾಗ 'ಪ' ಇದ್ದಲ್ಲೆಲ್ಲ ಒಂದೊಂದು ಹೊಳಪಿನ ಬಿಂದು! ಇಡೀ ದಾರಿ ಒಂದು ಮೀಟರ್ ಇದ್ದರೆ ತಗಲುವ ಕಾಲ ಸುಮಾರು ಸೆಕೆಂಡಿನ 30 ಕೋಟಿಯಲ್ಲೊಂದು ಪಾಲು.

ಆದರೆ ಅಕ್ಷರ ತುಸು ವಾಲಿದರೆ, ಗಾತ್ರ ಬದಲಾದರೆ ಬಿಂದು ಮಂಕಾಗುತ್ತದೆ. ನಮ್ಮ 'ಫ', 'ಷ'ಗಳೊಳಗೂ 'ಪ' ಅಡಗಿರುವುದರಿಂದ ಅಲ್ಲಿಯೂ ಸುಳ್ಳುಬಿಂದುಗಳು ಮೂಡುತ್ತವೆ. ಫಿಲ್ಮನ್ನು ತೊಳೆದು ಒಣಗಿಸುವಷ್ಟು ಹೊತ್ತಿನಲ್ಲಿ ವಿದ್ಯುತ್ ಗಣಕವೇ ಮುಂದೆ ಓಡಿತು. ವಿಧಾನ ಹಿಂದೆ ಬಿದ್ದುದಕ್ಕೆ ನನ್ನ ಎಣಿಕೆಯಲ್ಲಿ ಇದೇ ಮುಖ್ಯ ಕಾರಣ. ಈಗ ಆ ಫಿಲ್ಮಿನ ಕೆಲಸವನ್ನು ದ್ರವಸ್ಫಟಿಕ ಫಲಕಗಳು ಕ್ಷಣದಲ್ಲಿ ಮಾಡುತ್ತವೆ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಚಿತ್ರಗಳನ್ನು ವಿಂಗಡಿಸುವ ಗಣಕದ ಲೆಕ್ಕದಲ್ಲಿ ಮೊದಲ ಮೆಟ್ಟಿಲನ್ನು ಬೆಳಕಿಗೇ ಒಪ್ಪಿಸಿ, ಮಿಕ್ಕುದನ್ನು ವಿದ್ಯುತ್ತಿಗೆ ಬಿಟ್ಟರು.