ರೇಡಿಯೋ ಗ್ರಾಹಕದಲ್ಲಿ ಮಿಶ್ರಕದ ಕೆಲಸ

1961ನೆಯ ಇಸವಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಮೇಲ್ನೋಟಕ್ಕೆ ವಿಚಿತ್ರವೆನಿಸುವ ಒಂದು ಕಟ್ಟಳೆಯನ್ನು ಜಾರಿಗೆ ತಂದಿತು. ಹಾರುತ್ತಿರುವ ವಿಮಾನದಲ್ಲಿ ಪ್ರಯಾಣಿಕರು ತಮ್ಮ ಪುಟ್ಟ ರೇಡಿಯೋಗಳಲ್ಲಿ ಎಫ್.ಎಂ. ಪ್ರಸಾರವನ್ನು ಕೇಳಕೂಡದು ಎಂಬುದೇ ಆ ಕಟ್ಟಳೆ. ರೇಡಿಯೋ ಗ್ರಾಹಕವು ಬರಿಯ ಕಿವಿಯಷ್ಟೆ. ಬಂದ ಅಲೆಗಳನ್ನು ಅದು ಹಿಡಿಯುವುದೇ ಹೊರತು ತಾನಾಗಿ ಏನನ್ನೂ ನುಡಿಯುವುದಿಲ್ಲವೆಂದು ನಾವೆಲ್ಲರೂ ಭಾವಿಸಿರುತ್ತೇವೆ. ಹೀಗಿರುವಲ್ಲಿ ಅದರಿಂದ ವಿಮಾನಕ್ಕೆ ಒದಗುವ ಅಪಾಯವಾದರೂ ಏನು? ಇದಕ್ಕೆ ಉತ್ತರ ಬೇಕಾದರೆ ಗ್ರಾಹಕದೊಳಗಿರುವ ‘ಮಿಶ್ರಕ’ ಅಥವಾ ಮಿಕ್ಸರ್ ಎಂಬ ಸಣ್ಣ ಭಾಗದ ಕೆಲಸವನ್ನು ನಾವು ಅರಿಯಬೇಕು.

ರೇಡಿಯೋವಿನ ಆಂಟೆನಾವನ್ನು ಏಕಕಾಲದಲ್ಲಿ ಹತ್ತಾರು ನಿಲಯಗಳ ಅಲೆಗಳು ಬಂದು ತಾಗುತ್ತವೆ. ಅವುಗಳಲ್ಲಿ ಬೇಕಾದ ಒಂದನ್ನು ಬಿಟ್ಟುಕೊಂಡು ಉಳಿದವನ್ನು ತಡೆಯುವ ವಿದ್ಯುನ್ಮಂಡಲಕ್ಕೆ ಶೋಧಕವೆಂದು ಹೆಸರು. ನಿಲಯವನ್ನು ಬದಲಾಯಿಸಿದಾಗಲೆಲ್ಲ ಹಲವು ಶೋಧಕಗಳನ್ನು ಒಟ್ಟಿಗೆ ಹೊಂದಿಸುವುದು ಕಷ್ಟ. ಆವೃತ್ತಿ ಏರಿದಂತೆ ಈ ಕಷ್ಟವೂ ಏರುತ್ತದೆ. ಇದಕ್ಕೊಂದು ಜಾಣ ಉಪಾಯವುಂಟು. ಒಂದೇ ಆವೃತ್ತಿಗೆ ಸ್ಥಿರವಾಗಿ ಹೊಂದಿಸಿದ ಉತ್ತಮ ಶೋಧಕವೊಂದನ್ನು ಇಟ್ಟುಕೊಂಡು, ಬೇಕಾದ ನಿಲಯದ ಅಲೆಯನ್ನೇ ಆ ಆವೃತ್ತಿಗೆ ಕರೆತರುವುದು! ಸೂಪರ್‌ಹೆಟರೊಡೈನ್ ಎಂದು ಹೆಸರಾದ ಈ ಉಪಾಯವು ಮೊದಲನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ, 1917 ಮತ್ತು 1918ರಲ್ಲಿ, ಫ್ರಾನ್ಸಿನ ಲೂಸಿಯೆನ್ ಲೆವಿ, ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್, ಜರ್ಮನಿಯ ವಾಲ್ಟರ್ ಷಾಟ್ಕಿ ಈ ಮೂವರಿಗೂ ಬೇರೆ ಬೇರೆಯಾಗಿ ಹೊಳೆಯಿತು.

ಒಂದು ಅಲೆಯ ಆವೃತ್ತಿಯನ್ನು ಬದಲಾಯಿಸುವುದು ಹೇಗೆ? ತಂಬೂರಿಯ ಎರಡು ತಂತಿಗಳು ಸೆಕೆಂಡಿಗೆ 240 ಮತ್ತು 243 ಸಾರಿ ಕಂಪಿಸಿದರೆ ನಾದವು ಸೆಕೆಂಡಿಗೆ 3 ಸಾರಿ ಏರಿಳಿಯುತ್ತದೆ. ಇದಕ್ಕೆ ವಿಸ್ಪಂದವೆಂದು ಹೆಸರು. ಮಿಶ್ರಕದಲ್ಲಿ ನಡೆಯುವುದೂ ಇದೇ ಎಂದು ವಿದ್ಯಾರ್ಥಿಗಳು ಎಷ್ಟೋ ವೇಳೆ ತಿಳಿಯುತ್ತಾರೆ, ಅದು ಸರಿಯಲ್ಲ. ವಿಸ್ಪಂದದಲ್ಲಿ ಏರಿಳಿಯುವುದು ನಾದದ ಬಲ ಮಾತ್ರ. ಗಾಳಿಯಲ್ಲಿರುವುವು 240 ಮತ್ತು 243ರ ಅಲೆಗಳೇ. 3ರ ಅಲೆಯೊಂದು ಅಲ್ಲಿ ಹುಟ್ಟಿರುವುದಿಲ್ಲ. ಅಲೆಗಳನ್ನು ಕೂಡಿಸಿದರೆ ಹೊಸ ಆವೃತ್ತಿ ಹುಟ್ಟದು, ಅವನ್ನು ಗುಣಿಸಬೇಕು.

ಗುಣಿಸುವ ಕೆಲಸಕ್ಕೆ ಒಂದು ಡಯೋಡ್ ಸಾಕು. ಅದರಲ್ಲಿ ಹರಿಯುವ ವಿದ್ಯುತ್ಪ್ರವಾಹವು ವೋಲ್ಟೇಜಿಗೆ ಸಮಪ್ರಮಾಣದಲ್ಲಿರುವುದಿಲ್ಲ. ಪ್ರವಾಹದ ಒಂದಂಶವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಎರಡು ವೋಲ್ಟೇಜುಗಳನ್ನು ಒಟ್ಟಿಗೆ ಕೊಟ್ಟರೆ, ಶಾಲೆಯಲ್ಲಿ ನಾವೆಲ್ಲ ಕಲಿತ (ಅ + ಬ)² = ಅ² + 2ಅಬ + ಬ² ಎಂಬ ಸೂತ್ರದಂತೆ, ಅಬ ಎಂಬ ಗುಣಲಬ್ಧ ದೊರೆಯುತ್ತದೆ. ಎರಡು ಅಲೆಗಳ ಗುಣಲಬ್ಧದಲ್ಲಿ ಅವುಗಳ ಆವೃತ್ತಿಗಳ ಮೊತ್ತವೂ ವ್ಯತ್ಯಾಸವೂ ಇರುತ್ತವೆಂದು ತ್ರಿಕೋಣಮಿತಿ ಹೇಳುತ್ತದೆ. ಮಿಶ್ರಕದ ಗುಟ್ಟೆಲ್ಲ ಇಷ್ಟೇ.

ಬೆಂಗಳೂರು ಆಕಾಶವಾಣಿಯ 101.3 ಮೆಗಾಹರ್ಟ್ಸ್‌ನ ಎಫ್.ಎಂ. ಪ್ರಸಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ವಾಡಿಕೆಯಾಗಿ ಬಂದ ಕ್ರಮದಂತೆ, ಗ್ರಾಹಕದೊಳಗಿನ ಸ್ಥಳೀಯ ಆಂದೋಲಕವು 112.0 ಮೆಗಾಹರ್ಟ್ಸ್‌ನ ಅಲೆಯೊಂದನ್ನು ಹುಟ್ಟಿಸುತ್ತದೆ. ಮಿಶ್ರಕದಲ್ಲಿ ಇವೆರಡೂ ಬೆರೆತು 213.3 ಮತ್ತು 10.7 ಮೆಗಾಹರ್ಟ್ಸ್‌ನ ಅಲೆಗಳು ಹೊರಬರುತ್ತವೆ. ಸ್ಥಿರ ಶೋಧಕವು ಮೊದಲನೆಯದನ್ನು ತಡೆದು, ಎರಡನೆಯದನ್ನು ಮುಂದಕ್ಕೆ ಬಿಡುತ್ತದೆ. ಈ 10.7ಕ್ಕೆ ಮಧ್ಯಂತರ ಆವೃತ್ತಿಯೆಂದು ಹೆಸರು.

ಆದರೆ ಈ ಉಪಾಯಕ್ಕೆ ಬೆಲೆ ತೆರಬೇಕು. 122.7 ಮೆಗಾಹರ್ಟ್ಸ್‌ನ ಅಲೆಯೊಂದು ಒಳಬಂದರೆ ಅದಕ್ಕೂ 112.0ಕ್ಕೂ ಇರುವ ವ್ಯತ್ಯಾಸ ಕೂಡ 10.7 ಅಲ್ಲವೇ? ಶೋಧಕವು ಅದನ್ನೂ ತನ್ನದೆಂದೇ ಬರಮಾಡಿಕೊಳ್ಳುತ್ತದೆ. ಇದು ಬಿಂಬ ಆವೃತ್ತಿ. 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ವಿಮಾನದ ಚಾಲಕರು ನೆಲದವರೊಡನೆ ಮಾತನಾಡುತ್ತಾರೆ. ವಿಮಾನ ನಿಲ್ದಾಣದ ಸಮೀಪದಲ್ಲಿ ಅಗ್ಗದ ರೇಡಿಯೋಗಳಲ್ಲಿ ಹಾಡಿನ ನಡುವೆ ಅವರ ಸಂಭಾಷಣೆ ನುಸುಳಬಹುದಾದುದಕ್ಕೆ ಕಾರಣ ಇದೇ. ಮಿಶ್ರಕವನ್ನು ದಾಟಿದ ಬಳಿಕ ಬಿಂಬವನ್ನು ಬೇರ್ಪಡಿಸಲು ಸಾಮಾನ್ಯ ಶೋಧಕದಿಂದ ಆಗದು. ಅದನ್ನು ಮಿಶ್ರಕಕ್ಕೆ ಮೊದಲೇ ತಡೆಯಬೇಕು. ಎಫ್.ಎಂ. ಪಟ್ಟಿಯ ಅಗಲ 88ರಿಂದ 108ರವರೆಗೆ 20 ಮೆಗಾಹರ್ಟ್ಸ್, ಬಿಂಬವಾದರೋ 10.7ರ ಎರಡರಷ್ಟು, ಅಂದರೆ 21.4 ಮೆಗಾಹರ್ಟ್ಸ್ ಆಚೆಗಿರುತ್ತದೆ. ಆದುದರಿಂದ ಒಂದು ಎಫ್.ಎಂ. ನಿಲಯವು ಇನ್ನೊಂದರ ಬಿಂಬವಾಗಲಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸ್ಥಳೀಯ ಆಂದೋಲಕದ ಅಲೆಯು ಮಿಶ್ರಕದ ಮೂಲಕ ಹಿಂದಕ್ಕೆ ಸೋರಿ ಆಂಟೆನಾವನ್ನು ಸೇರಿದರೆ, ಕೇಳುವ ಯಂತ್ರವೇ ಪುಟ್ಟ ಪ್ರೇಷಕವಾಗುತ್ತದೆ. 112.0 ಮೆಗಾಹರ್ಟ್ಸ್ ಎಂಬುದು ಯಾವ ಪಟ್ಟಿಯಲ್ಲಿದೆ? ವಿಮಾನಗಳಿಗೆ ದಿಕ್ಕು ತೋರುವ ನೆಲದ ರೇಡಿಯೋ ದೀವಿಗೆಗಳಿಗೆಂದು ಮೀಸಲಾದ 108ರಿಂದ 118ರವರೆಗಿನ ಪಟ್ಟಿಯಲ್ಲಿ! ದೂರದ ದೀವಿಗೆಯ ಅಲೆ ಕ್ಷೀಣವಾಗಿರುತ್ತದೆ. ಪ್ರಯಾಣಿಕನ ರೇಡಿಯೋ ದಿಕ್ಸೂಚಕದ ಆಂಟೆನಾಕ್ಕೆ ಕೆಲವೇ ಮೀಟರು ದೂರದಲ್ಲಿರುತ್ತದೆ. ಕಟ್ಟಳೆಗೆ ಕಾರಣ ಇದು. ಎರಡನೆಯ ಮಹಾಯುದ್ಧದಲ್ಲಿಯೂ, 1943ರಲ್ಲಿ, ಜರ್ಮನ್ ಜಲಾಂತರ್ಗಾಮಿಗಳು ಮೆಟಾಕ್ಸ್ ಎಂಬ ತಮ್ಮ ಗ್ರಾಹಕವನ್ನು ಇಂತಹ ಸೋರಿಕೆಯ ಶಂಕೆಯಿಂದಲೇ ನಿಲ್ಲಿಸಿಬಿಟ್ಟವು. ಅವುಗಳನ್ನು ನಿಜವಾಗಿ ಹಿಡಿದುಕೊಡುತ್ತಿದ್ದುದು ಮೆಟಾಕ್ಸಿಗೆ ಕಾಣದ 10 ಸೆಂಟಿಮೀಟರು ಅಲೆಯ ರೇಡಾರ್ ಎಂಬುದು ಬೇರೆ ಮಾತು.

ಹಾಗಾದರೆ ತಾನೇ ಗ್ರಾಹಕವನ್ನು ಕಟ್ಟಲು ಹೊರಟ ವಿದ್ಯಾರ್ಥಿಯು ಎಂತಹ ಮಿಶ್ರಕವನ್ನು ಆರಿಸಬೇಕು? ಒಂಟಿ ಡಯೋಡ್ ಅತಿ ಸರಳ, ಅತಿ ಅಗ್ಗ. ಆದರೆ ಸೋರಿಕೆಗೆ ಅದರಲ್ಲಿ ತಡೆಯೇ ಇಲ್ಲ. ನಾಲ್ಕು ಡಯೋಡುಗಳನ್ನು ಬಳೆಯಂತೆ ಜೋಡಿಸಿ ಎರಡೂ ಬದಿಗೆ ಟ್ರಾನ್ಸ್‌ಫಾರ್ಮರುಗಳನ್ನಿಟ್ಟರೆ, ಆಂದೋಲಕದ ಅಲೆಯು ಸಮಸಮವಾಗಿ ಎದುರುಬದುರಾಗಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಸೋರಿಕೆಯ ಶಕ್ತಿಯನ್ನು ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಸುವುದು ಇದರಿಂದ ಸಾಧ್ಯ. ಆದರೆ ಬಂದ ಸಂಕೇತದ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಭಾಗ ಮಾತ್ರ ಹೊರಬರುತ್ತದೆ. ಆಂದೋಲಕವು ಸುಮಾರು 5 ಮಿಲಿವಾಟ್ ಶಕ್ತಿಯನ್ನು ಒದಗಿಸಬೇಕಾಗುತ್ತದೆ. 1968ರಲ್ಲಿ ಬ್ಯಾರಿ ಗಿಲ್ಬರ್ಟ್ ವಿವರಿಸಿದ ಆರು ಟ್ರಾನ್ಸಿಸ್ಟರುಗಳ ಮಿಶ್ರಕವು ಸಂಕೇತವನ್ನು ಕುಗ್ಗಿಸುವ ಬದಲು ವರ್ಧಿಸುತ್ತದೆ, ಅಲ್ಪ ವಿದ್ಯುತ್ತಿನಿಂದ ತೃಪ್ತಿಪಡುತ್ತದೆ. ಅದರ ದೌರ್ಬಲ್ಯವೆಂದರೆ ಪ್ರಬಲ ಸಂಕೇತಗಳ ಎದುರಿನಲ್ಲಿ ಬೇಗನೆ ತಬ್ಬಿಬ್ಬಾಗುವುದು.

ಈ ತಬ್ಬಿಬ್ಬು ಎಂತಹುದು? ವರ್ಗದ ಜೊತೆಗೆ ಘನದ ಅಂಶವೂ ಪ್ರವಾಹದಲ್ಲಿ ಸೇರಿಕೊಳ್ಳುತ್ತದೆ. ಆಗ 101.3 ಮತ್ತು 102.9ರ ಎರಡು ಪ್ರಬಲ ಪ್ರಸಾರಗಳಿಂದ 99.7 ಮತ್ತು 104.5ರಲ್ಲಿ ಹುಸಿ ನಿಲಯಗಳು ಹುಟ್ಟುತ್ತವೆ. ನಿಜ ಸಂಕೇತಗಳ ವೋಲ್ಟೇಜು ಎರಡರಷ್ಟಾದರೆ ಹುಸಿಯ ವೋಲ್ಟೇಜು ಎಂಟರಷ್ಟಾಗುತ್ತದೆ!

ಆದುದರಿಂದ ಮಿಶ್ರಕವನ್ನು ಆರಿಸುವವನು ಅದು ಎಷ್ಟು ವರ್ಧಿಸುತ್ತದೆಂದು ಮೊದಲು ಕೇಳಬಾರದು. ನನ್ನ ಆಂಟೆನಾದ ಸುತ್ತ ಪ್ರಬಲ ನಿಲಯಗಳಿವೆಯೇ, ಬಿಂಬ ಎಲ್ಲಿ ಬೀಳುತ್ತದೆ, ಸೋರಿದ ಅಲೆ ಯಾರನ್ನು ಬಾಧಿಸುತ್ತದೆ ಎಂದು ಕೇಳಬೇಕು. ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರಕ್ಕೆ ಗಿಲ್ಬರ್ಟನ ಮಿಶ್ರಕವೂ, ಪ್ರಬಲ ಸಂಕೇತಗಳ ಸಂತೆಯಲ್ಲಿ ಕ್ಷೀಣ ಧ್ವನಿಯನ್ನು ಅರಸುವವನಿಗೆ ಡಯೋಡುಗಳ ಬಳೆಯೂ ಒಪ್ಪುತ್ತವೆ. ಇಂದಿನ ಎಫ್.ಎಂ. ಚಿಪ್ಪುಗಳಲ್ಲಿ ಎರಡು ಮಿಶ್ರಕಗಳನ್ನು 90 ಡಿಗ್ರಿ ಅಂತರದ ಅಲೆಗಳಿಂದ ನಡೆಸಿ ಬಿಂಬವನ್ನೇ ಅಳಿಸುವ ಕ್ರಮವಿದೆ. ಅಲ್ಲಿಯೂ ಕೆಲಸ ಮಾಡುವುದು ಅದೇ ಗುಣಾಕಾರ. 2ಅಬ ಎಂಬ ಆ ಪದವನ್ನು ತರಗತಿಯಲ್ಲಿ ಬಾಯಿಪಾಠ ಮಾಡುವ ವಿದ್ಯಾರ್ಥಿಯು, ಜಗತ್ತಿನ ರೇಡಿಯೋಗಳೂ ಮೊಬೈಲುಗಳೂ ಅದರಿಂದಲೇ ನಡೆಯುತ್ತಿವೆಯೆಂಬುದನ್ನು ನೆನೆಯಲಿ.