ಯಕೃತ್ತಿನ ಕಸಿಯ ಅನಂತರ ರಕ್ತಕಣಗಳ ಲೆಕ್ಕ

ಮಾನವನಲ್ಲಿ ಯಕೃತ್ತಿನ ಕಸಿಯನ್ನು 1963ರಲ್ಲಿ ಮೊದಲು ಪ್ರಯತ್ನಿಸಿದವರು ಅಮೆರಿಕದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜ್‌ಲ್. ಇಂದು ಈ ಶಸ್ತ್ರಕ್ರಿಯೆ ಯಶಸ್ವಿಯಾಗಿ ಮುಗಿದ ಮೇಲೂ ವೈದ್ಯರು ರೋಗಿಯ ರಕ್ತಪರೀಕ್ಷೆಯನ್ನು ಪದೇ ಪದೇ ಮಾಡಿಸುತ್ತಾರೆ. ಏಕೆಂದರೆ ಇಂಥವರಲ್ಲಿ ರಕ್ತಕಣಗಳ ಸಂಖ್ಯೆ ಕುಸಿಯುವುದು ಸಾಮಾನ್ಯ. ಇದಕ್ಕೆ ಕಾರಣವೇನು? ಪರಿಹಾರವೇನು?

ನೀರಿನ ತೊಟ್ಟಿಯೊಂದನ್ನು ಕಲ್ಪಿಸಿಕೊಳ್ಳಿ. ಅದರಲ್ಲಿನ ನೀರಿನ ಮಟ್ಟ ಒಳಹರಿವು, ಹೊರಹರಿವು ಎರಡನ್ನೂ ಅವಲಂಬಿಸಿದೆ. ರಕ್ತಕಣಗಳ ಸಂಖ್ಯೆಯೂ ಹಾಗೆಯೇ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 2.5 ಲಕ್ಷ ಪ್ಲೇಟ್‌ಲೆಟ್‌ಗಳಿದ್ದರೆ, 5 ಲೀಟರ್ ರಕ್ತದಲ್ಲಿ ಸುಮಾರು 1.25 ಲಕ್ಷ ಕೋಟಿ ಇರುತ್ತವೆ. ಅವುಗಳ ಆಯುಸ್ಸು ಸುಮಾರು 10 ದಿನ. ಆದ್ದರಿಂದ ಮಟ್ಟ ಇಳಿಯದಿರಲು ಅಸ್ಥಿಮಜ್ಜೆಯು ದಿನಕ್ಕೆ ಸುಮಾರು 12,500 ಕೋಟಿ ಪ್ಲೇಟ್‌ಲೆಟ್‌ಗಳನ್ನು ತಯಾರಿಸಬೇಕು! ಉತ್ಪಾದನೆ ತಗ್ಗಿದರೆ, ಕಣಗಳು ಬೇಗ ನಾಶವಾದರೆ ಅಥವಾ ಬೇರೆಡೆ ಸಿಕ್ಕಿಕೊಂಡರೆ ಎಣಿಕೆ ಇಳಿಯುತ್ತದೆ.

ಕಸಿಗೆ ಮುನ್ನವೇ ಈ ತೊಂದರೆ ಆರಂಭವಾಗಿರುತ್ತದೆ. ಗಟ್ಟಿಯಾದ ಯಕೃತ್ತು ರಕ್ತದ ಹರಿವಿಗೆ ಅಡ್ಡಿಯಾಗಿ, ಅದಕ್ಕೆ ರಕ್ತ ತರುವ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರುತ್ತದೆ, ಗುಲ್ಮವು ಊದಿಕೊಳ್ಳುತ್ತದೆ. ಆರೋಗ್ಯವಂತರ ಗುಲ್ಮದಲ್ಲಿ ದೇಹದ ಮೂರನೇ ಒಂದು ಭಾಗದಷ್ಟು ಪ್ಲೇಟ್‌ಲೆಟ್‌ಗಳಿದ್ದರೆ, ಬಹಳ ಊದಿದ ಗುಲ್ಮದಲ್ಲಿ ಶೇಕಡಾ 90ರವರೆಗೂ ಸಿಕ್ಕಿಕೊಳ್ಳಬಹುದು. ಜೊತೆಗೆ, ಪ್ಲೇಟ್‌ಲೆಟ್ ತಯಾರಿಕೆಯನ್ನು ಪ್ರಚೋದಿಸುವ ಥ್ರಾಂಬೊಪೊಯಿಟಿನ್ ಹಾರ್ಮೋನು ಮುಖ್ಯವಾಗಿ ಯಕೃತ್ತಿನಲ್ಲೇ ಉತ್ಪತ್ತಿಯಾಗುತ್ತದೆ. ಕಸಿಯ ಅನಂತರದ ಮೊದಲ ವಾರದಲ್ಲಿ ಪ್ಲೇಟ್‌ಲೆಟ್ ಎಣಿಕೆ ಇನ್ನಷ್ಟು ಇಳಿದು, ಸಾಮಾನ್ಯವಾಗಿ ಎರಡನೇ ವಾರದಲ್ಲಿ ಏರತೊಡಗುತ್ತದೆ. ಆದ್ದರಿಂದ ರಕ್ತಸ್ರಾವವಿಲ್ಲದಿದ್ದರೆ ವೈದ್ಯರು ಪ್ಲೇಟ್‌ಲೆಟ್ ಕೊಡಲು ಅವಸರಪಡುವುದಿಲ್ಲ.

ಬಿಳಿರಕ್ತಕಣಗಳ ಕಥೆ ಇನ್ನೂ ಜಟಿಲ. ಹೊಸ ಅಂಗವನ್ನು ದೇಹವು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮುಂತಾದ ಔಷಧಗಳನ್ನು ಕೊಡುತ್ತಾರೆ. ಮೈಕೊಫಿನೊಲೇಟ್ ಲಿಂಫೊಸೈಟ್‌ಗಳ ವಿಭಜನೆಯನ್ನು ತಡೆಯುತ್ತದೆ. ವೇಗವಾಗಿ ವಿಭಜಿಸುವ ಮಜ್ಜೆಯ ಕೋಶಗಳಿಗೂ ಅದರ ಪೆಟ್ಟು ತಗಲಬಹುದು. ಸೈಟೊಮೆಗಲೊ ವೈರಸ್ಸಿನ ವಿರುದ್ಧ ಕೊಡುವ ವಾಲ್‌ಗ್ಯಾನ್‌ಸಿಕ್ಲೊವಿರ್, ಸೋಂಕು ತಡೆಗೆ ಕೊಡುವ ಕೋಟ್ರೈಮಾಕ್ಸಜೋಲ್ ಸಹ ಮಜ್ಜೆಯನ್ನು ಕುಗ್ಗಿಸಬಲ್ಲವು. ಸ್ವಾರಸ್ಯವೆಂದರೆ ಆ ವೈರಸ್ಸೂ ಇದೇ ಕೆಲಸ ಮಾಡುತ್ತದೆ! ತಪ್ಪು ಔಷಧದ್ದಾದರೆ ಅದನ್ನು ನಿಲ್ಲಿಸಬೇಕು. ವೈರಸ್ಸಿನದ್ದಾದರೆ ಅದೇ ಔಷಧವನ್ನು ಕೊಡಬೇಕು. ಹೀಗಾಗಿ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣವನ್ನು ಅಳೆಯದೆ ನಿರ್ಧಾರ ಕೈಗೊಳ್ಳುವಂತಿಲ್ಲ.

ಚಿಕಿತ್ಸೆಗೆ ಮುನ್ನ ಎಣಿಕೆ ನಿಜವೇ ಎಂದು ನೋಡಬೇಕು. ಎಣಿಕೆಯ ಯಂತ್ರಗಳಲ್ಲಿ ಹಲವು, ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವವನ್ನು ಬಳಸುತ್ತವೆ: ಕಿರುರಂಧ್ರದ ಮೂಲಕ ಕಣವೊಂದು ಸಾಗಿದಾಗ ವಿದ್ಯುತ್ ರೋಧ ಕ್ಷಣಕಾಲ ಏರುತ್ತದೆ; ಏರಿಕೆಯ ಪ್ರಮಾಣ ಕಣದ ಗಾತ್ರವನ್ನು ಸೂಚಿಸುತ್ತದೆ. ಪ್ಲೇಟ್‌ಲೆಟ್‌ಗಳು ಪರೀಕ್ಷಾನಳಿಕೆಯಲ್ಲಿ ಗುಂಪುಗೂಡಿದ್ದರೆ ಯಂತ್ರ ಮೋಸಹೋಗುತ್ತದೆ. ಆಗ ಸೂಕ್ಷ್ಮದರ್ಶಕವೇ ಸಾಕ್ಷಿ.

ಅನಂತರ ಮೈಕೊಫಿನೊಲೇಟ್ ಪ್ರಮಾಣವನ್ನು ಇಳಿಸುವುದು ಅಥವಾ ನಿಲ್ಲಿಸುವುದು ವಾಡಿಕೆ. ವಾಲ್‌ಗ್ಯಾನ್‌ಸಿಕ್ಲೊವಿರ್ ಪ್ರಮಾಣವನ್ನು ಅರೆಬರೆ ಇಳಿಸುವುದು ತರವಲ್ಲ. ವೈರಸ್ ಔಷಧಕ್ಕೆ ಮಣಿಯದಂತಾಗಬಹುದು. ನ್ಯೂಟ್ರೊಫಿಲ್‌ಗಳು ಘನ ಮಿಲಿಮೀಟರಿಗೆ 500ಕ್ಕಿಂತ ಕಡಿಮೆಯಾದರೆ ಸೋಂಕಿನ ಅಪಾಯ ತೀವ್ರ. ಆಗ ಮಜ್ಜೆಯನ್ನು ಪ್ರಚೋದಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು ನೆರವಾಗುತ್ತದೆ. ರಕ್ತಹೀನತೆಯಿದ್ದರೆ ರಕ್ತಸ್ರಾವ, ಕಬ್ಬಿಣದ ಕೊರತೆ, ಮೂತ್ರಪಿಂಡದ ದೌರ್ಬಲ್ಯ, ಪಾರ್ವೊ ವೈರಸ್ ಬಿ19 ಇವುಗಳನ್ನು ಪರಿಶೀಲಿಸಬೇಕು.

ಔಷಧ ಹೆಚ್ಚಾದರೆ ಸೋಂಕು, ಕಡಿಮೆಯಾದರೆ ಕಸಿಯ ತಿರಸ್ಕಾರ. ಈ ತಕ್ಕಡಿಯನ್ನು ವೈದ್ಯರೇ ತೂಗಬೇಕು. ವರದಿಯಲ್ಲಿನ ಅಂಕಿ ನೋಡಿ ರೋಗಿಯು ತಾನೇ ಮಾತ್ರೆ ನಿಲ್ಲಿಸಬಾರದು. ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.